ಮಿಂಚದ ಜಾಗ

ಗುರುವಾರ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ,
ಮುಲುಂಡಿನ ನಮ್ಮ ಚಾಳಿನ ಮೂರನೇ ಮಾಳಿಗೆಗೆ
ಸರ್ಕಸ್ಸು ತಾನಾಗಿ ಹತ್ತಿ ಬಂತು:
ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನೀಲಿ ಚಮಕಿಯ ಅಂಗಿ,
ಚೀಲದ ಹಿಂದೆ ಏದುಸಿರು ಬಿಡುತ್ತ ಓಮನಾ.
ಗಾಳಿಯಲ್ಲಿ ಹಾರುವವಳಿಗೂ ನಮ್ಮ ಮೆಟ್ಟಿಲು ಜಾಸ್ತಿಯೇ.

ಬಾಗಿಲ ಬೋರ್ಡು ಮರಾಠಿಯಲ್ಲಿತ್ತು, ಅವಳಿಗೆ ಬಾರದು.
ಹೊಲಿಗೆ ಮಿಷಿನ್ನಿನ ಸದ್ದು ಹಿಡಿದು ಬಂದೆ, ಅಂದಳು
ತಲಶ್ಶೇರಿಯ ಹಿಂದಿಯಲ್ಲಿ.
ಅಮ್ಮ ಉತ್ತರಿಸಿದ್ದು ಕಾರ್ಕಳದ ಹಿಂದಿಯಲ್ಲಿ.
ಎರಡೂ ಕುಂಟುತ್ತ ಕುಂಟುತ್ತ ಕಂಕುಳಿಗೆ ತಲುಪಿದವು.

ಅಲ್ಲಿ ಹೊಲಿಗೆ ಬಿಟ್ಟಿತ್ತು. ಅಮ್ಮ ಎರಡು ಬೆರಳು ತೂರಿಸಿ,
ನಾಡಿ ನೋಡುವವಳ ಹಾಗೆ ನೋಡಿ, ಕೇಳಿದಳು:
ಕೈ ಎಷ್ಟು ಮೇಲೆತ್ತುತ್ತೀ?
ಓಮನಾ ಎತ್ತಿದಳು.
ಹಗ್ಗದ ಮೇಲಿದ್ದ ಅಪ್ಪನ ಬನಿಯನ್ನು ಬಕೆಟ್ಟಿಗೆ ಬಿತ್ತು.

ಇಷ್ಟೆತ್ತರದ ಕೈಗೆ ಅಮ್ಮ ಅದುವರೆಗೆ ಹೊಲಿದಿರಲಿಲ್ಲ.
ಅವಳ ಗಿರಾಕಿಗಳೆಲ್ಲ ಬಸ್ಸಿನ ಕಂಬಿಯವರೆಗೆ ಎತ್ತುವವರು,
ಹೆಚ್ಚೆಂದರೆ ಅಟ್ಟದ ಡಬ್ಬಿಯವರೆಗೆ.
ತುಸು ಹೊತ್ತು ಸುಮ್ಮನೆ ಕೂತಳು. ಆಮೇಲೆ
ನನ್ನ ಐದನೇ ಕ್ಲಾಸಿನ ಸ್ಕರ್ಟು ಕತ್ತರಿಸಿ
ಗಾಳಿಪಟದ ಆಕಾರದ ಎರಡು ತುಂಡು ತೆಗೆದು
ಕಂಕುಳಿಗೆ ಕೂರಿಸಿದಳು. ಚಮಕಿಯಿಲ್ಲ, ಹೊಳಪಿಲ್ಲ,
ಬರೀ ಮುನಿಸಿಪಾಲ್ಟಿ ಶಾಲೆಯ ನೀಲಿ.

ಸಂಬಳ ಬರುವುದು ಇನ್ನು ಹತ್ತು ದಿನಕ್ಕೆ, ಅಂದಳು ಓಮನಾ.
ದುಡ್ಡಿನ ಬದಲು ಎರಡು ಗುಲಾಬಿ ಪಾಸು.
ಪಾಸು ಹುರಿದರೆ ಪಲ್ಯ ಆಗ್ತದಾ,
ನನಗಷ್ಟೇ ಕೇಳುವ ಹಾಗೆ ಅಮ್ಮ.

ಆದರೂ ಶನಿವಾರ ಹೊರಟೆವು, ರೈಲುಹಳಿಯಾಚೆಯ ಮೈದಾನಕ್ಕೆ.
ಅವಳು ಮದುವೆಯ ರವಿಕೆ ತೊಟ್ಟಿದ್ದಳು. ಕಣ್ಣಿಗೆ ಕಾಡಿಗೆ ಬೇರೆ.
ರಾತ್ರಿ ಹೊತ್ತು ಅಪ್ಪನಿಲ್ಲದೆ ಅವಳು ಎಲ್ಲಿಗಾದರೂ ಹೋದದ್ದು
ಆಸ್ಪತ್ರೆ ಬಿಟ್ಟರೆ ಇದೇ.

ನಾನು ಕಂಡದ್ದು: ಆನೆ ಇಷ್ಟು ಹತ್ತಿರ ಬಂದರೆ
ಅದು ಪ್ರಾಣಿಯಲ್ಲ, ಗೋಡೆ. ಗೋಡೆ ಕಿವಿ ಬೀಸಿತು.
ಕಬ್ಬಿಣದ ಗೋಲದೊಳಗೆ ಮೋಟಾರ್‌ಸೈಕಲ್ಲು ತಲೆಕೆಳಗಾದಾಗ
ಅಲುಗುತ್ತಿದ್ದ ನನ್ನ ಕೊನೆಯ ಹಾಲುಹಲ್ಲು ಜುಮ್ಮೆಂದಿತು.
ಅಮ್ಮ ಕಂಡದ್ದು: ಪರದೆಗೆ ಅಂಚು ಮಡಿಸಿಲ್ಲ.
ಜೋಕರನ ಚಡ್ಡಿ ಜಾರಿ ಡೇರೆಗೆ ಡೇರೆಯೇ ನಕ್ಕಾಗ
ಎಲಾಸ್ಟಿಕ್ ಬದಲಿಸಬೇಕು, ಅಂದಳು.

ಆಮೇಲೆ ಬ್ಯಾಂಡು ನಿಂತಿತು.
ಮೇಲೆ, ದೀಪಗಳಿಗಿಂತ ಮೇಲೆ, ಚೂರು ನೀಲಿ.
ನಮ್ಮ ಬಾಗಿಲಲ್ಲಿ ನೀರು ಕೇಳಿದವಳು ಅವಳೇ ಎಂದು
ನಂಬುವುದು ಹೇಗೆ? ಜೋಲಿ ಹೊಡೆದಳು, ಒಮ್ಮೆ, ಎರಡು ಸಲ,
ಕೈಬಿಟ್ಟಳು.

ಸಾವಿರ ಕುತ್ತಿಗೆ ಹಿಂದಕ್ಕೆ ಬಾಗಿದವು.
ಎರಡೂ ಕೈ ಚಾಚಿ ಅವಳು ಯಾವುದನ್ನೂ ಹಿಡಿಯದೆ ಇದ್ದ
ಆ ಒಂದು ಗಳಿಗೆಯಲ್ಲಿ ನನಗೆ ಕಂಡಿತು
ಇಡೀ ಡೇರೆಯಲ್ಲಿ ಮಿಂಚದ ಒಂದೇ ಜಾಗ:
ನನ್ನ ಸ್ಕರ್ಟು. ಶಾಯಿ ಚೆಲ್ಲಿಕೊಂಡು ಪೆಟ್ಟು ತಿಂದ ಸ್ಕರ್ಟು,
ನಲವತ್ತಡಿ ಎತ್ತರದಲ್ಲಿ, ಯಾರ ಅಪ್ಪಣೆಯೂ ಇಲ್ಲದೆ.

ಹಿಡಿಯುವವನ ಬೆರಳು ತಪ್ಪಿತು.
ಅವಳು ಬಲೆಗೆ ಬಿದ್ದಳು, ಪುಟಿದಳು, ಮತ್ತೆ ಬಿದ್ದಳು,
ಎದ್ದು, ಏನೂ ಆಗದವಳ ಹಾಗೆ, ಮತ್ತೆ ಏಣಿ ಹತ್ತಿದಳು.
ಹೊಲಿಗೆ ಹೋಗಲಿಲ್ಲ, ಅಂದಳು ಅಮ್ಮ. ದನಿ ಅವಳದಾಗಿರಲಿಲ್ಲ.

ಎರಡನೇ ಸಲ ಕೈಗೆ ಕೈ ಸಿಕ್ಕಿತು.
ಅಮ್ಮ ಎದ್ದು ನಿಂತಳು. ಬೆಂಚಿನ ಮೇಲೆ ಹತ್ತಿದಳು. ತಲೆಯ ಮೇಲೆ
ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದಳು,
ಚರ್ರೆಂದಿತು
ಮದುವೆಯ ರವಿಕೆ.

ಮನೆಯವರೆಗೂ ಬಲಗೈಯನ್ನು ಮೈಗೊತ್ತಿಕೊಂಡು,
ಸೆರಗು ಹೊದ್ದು, ರೈಲ್ವೆ ಸೇತುವೆಯ ಮೇಲೆ ನಿಂತು ನಿಂತು ನಕ್ಕಳು.
ಏನಾಯ್ತು ಅಂದ ಅಪ್ಪ.
ಏನಿಲ್ಲ, ಅಳತೆ ತಪ್ಪಿತ್ತು, ಅಂದಳು,
ಸ್ಕರ್ಟಿನ ಉಳಿದ ತುಂಡು ಎಲ್ಲಿಟ್ಟೆ ಎಂದು
ಹುಡುಕುತ್ತ.