ಗೋಡೆ ನೆಟ್ಟಗಿಡುವ ಕೆಲಸ

ಕ್ಯಾಂಪಿನ ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿದು
ಮೇಣದ ವಾಸನೆ ಇನ್ನೂ ಬೆಂಚುಗಳ ಮೇಲೆ ಕೂತಿತ್ತು.
ಹೊರಗೆ ಪರೇಡಿನ ಸೀಟಿ.
ಹಾಡುವವರ ಮಾಳಿಗೆಗೆ ಮರದ ಮೆಟ್ಟಿಲು ಹತ್ತಿ
ಮೂರು ಕಾಲಿನ ಸ್ಟ್ಯಾಂಡು ಊರಿದೆ.
ಒಂದು ಕಾಲಿನ ಕೆಳಗೆ ರಟ್ಟು ಹರಿದ ಹಾಡಿನ ಪುಸ್ತಕ,
ಹಲಗೆ ಸಮ ಇರಲಿಲ್ಲ.

ಕ್ಯಾಲೆಂಡರಿಗೆ ಹನ್ನೆರಡು ಚಿತ್ರ.
ಫಾದರ್ ಎಲ್ಯಾಸ ಚೀಟಿ ಬರೆದುಕೊಟ್ಟಿದ್ದರು:
ಟ್ಯೂಬ್‌ಲೈಟು ಬೇಡ, ವೈರು ಬೇಡ, ಫ್ಯಾನು ಬೇಡ,
ಎಡಗೋಡೆಯ ಹಸಿ ಕಲೆ ಬೇಡ.
"ಉಳದದ್ದು ದೇವ್ರು ಕೊಟ್ಟಂಗ ಇರ್ಲಿ."

ಮದುವೆ ತೆಗೆದು ಹೊಟ್ಟೆ ಹೊರೆಯುವವನು ನಾನು,
ಫ್ಲ್ಯಾಶಿಗೆ ಕಣ್ಣು ಮುಚ್ಚುವ ಬೀಗರನ್ನು ಬಲ್ಲೆ;
ಕತ್ತಲೆಯನ್ನು ಹೀಗೆ ಎದುರು ಕೂರಿಸಿಕೊಂಡು
ಮಾತಾಡಿಸಿದ್ದು ಕಡಿಮೆ.

ಕಿಟಕಿಗೆಂದು ಒಂದು: ಗಾಜಿನ ನೀಲಿ ಬಿಟ್ಟು ಮಿಕ್ಕಿದ್ದೆಲ್ಲ ಮಸಿ.
ಅಲ್ತಾರಿಗೆಂದು ಒಂದು.
ಮೂರನೆಯದು ಬೆಂಚುಗಳ ಕೆಳಗಿನ ಕತ್ತಲೆಗೆ, ಮೂವತ್ತು ಸೆಕೆಂಡು;
ಅದರಲ್ಲಿ ಕಿಟಕಿ
ಉಕ್ಕಿದ ಹಾಲಿನಂತೆ ಚೌಕಟ್ಟು ಮೀರಿ ಹರಿಯಿತು.
ಮೂರನ್ನೂ ಒಂದರ ಮೇಲೊಂದು ಇಟ್ಟರೆ
ಕಣ್ಣು ಕಂಡಷ್ಟು.
ಕಣ್ಣಿಗೆ ಇದು ಒಂದೇ ಸಲಕ್ಕೆ ಆಗುತ್ತದೆ, ಕೂಲಿ ಕೇಳದೆ.

ಗಂಟೆ ಹೊಡೆಯುವ ಬಸ್ತ್ಯಾಂವ ಕೆಳಗಿಂದ ಕೂಗಿದ:
"ಕೋನ್ಸುಬಾಯಿ ಕುಂತಾಳ, ಎಬ್ಬಸ್ಲೇನು?"
ಎಡ ಮೂಲೆ, ಕಂಬಕ್ಕೆ ಒರಗಿ ವಾರೆಯಾಗಿ,
ತಲೆ ಮೇಲೆ ಸೆರಗು, ಕೈ ಬೆಂಚಿನ ಬೆನ್ನ ಮೇಲೆ.
"ಕುಂದರ್ಲಿ ಬಿಡೋ. ಅಳ್ಳಾಡಿದ್ರ ಹೊಗಿ ಆಗ್ತಾಳ, ಕಾಣಂಗಿಲ್ಲ."

ಅಲುಗಾಡಲಿಲ್ಲ.
ಖಡೇಬಜಾರಿನ ಅಂಗಡಿಯಲ್ಲಿ ರಾತ್ರಿ ದೊಡ್ಡದು ಮಾಡಿ ನೋಡಿದೆ:
ಸೆರಗಿನ ಅಂಚು ಚೂಪು, ಕಿವಿಯ ಓಲೆ ಚೂಪು,
ಜಪಮಾಲೆಯ ಮಣಿ ದಾಟಿಸುವ ಹೆಬ್ಬೆರಳು ಮಾತ್ರ
ಹೊಗೆ.

ಮೊದಲು ಟ್ಯೂಬ್‌ಲೈಟು ಹೋಯಿತು.
ವೈರಿನ ಜಾಗಕ್ಕೆ ಪಕ್ಕದ ಕಂಬದಿಂದ
ಸುಣ್ಣ ಇಷ್ಟಿಷ್ಟೇ ಚಿವುಟಿ ತಂದು ಮೆತ್ತಿದೆ.
ಫ್ಯಾನು ಅಳಿಸಿದರೆ ನೆರಳು ಗೋಡೆಯಲ್ಲೇ ಉಳಿಯಿತು,
ಮೂರು ರೆಕ್ಕೆಯ ಯಾವುದೋ ಹಕ್ಕಿ. ಅದನ್ನೂ ಓಡಿಸಿದೆ.
ಆಮೇಲೆ ಹಸಿ ಕಲೆ.
ಹತ್ತಿರ ಹೋದರೆ ಹಸಿಯಲ್ಲ, ಎಣ್ಣೆ:
ಗೋಡೆಗೆ ತಲೆ ಆನಿಸಿ ಕೂತವರದು,
ಒಂದೇ ಎತ್ತರಕ್ಕೆ ಸಾಲು ಸಾಲು,
ಮಕ್ಕಳದು ಒಂದು ಗೇಣು ಕೆಳಗೆ.
ಕೈ ಅರ್ಧಕ್ಕೆ ನಿಂತಿತು.
ಮತ್ತೆ ನಡೆಯಿತು. ಚೀಟಿಯಲ್ಲಿತ್ತು.

ಅಪ್ಪ ನೆಗೆಟಿವಿನ ಮೇಲೆ ಪೆನ್ಸಿಲ್ ಮೊನೆಯಿಂದ
ಸಿಡುಬಿನ ಕುಳಿ ತುಂಬುತ್ತಿದ್ದ.
ಗೋಕಾಕದ ಕಡೆಯ ಹುಡುಗಿ, ವರನ ಮನೆಗೆ ಕಳಿಸುವ ಫೋಟೋ;
ನೋಡಿ, ಬೆಳಕಿಗೆ ಹಿಡಿದು ನೋಡಿ,
ದುಡ್ಡು ಎಣಿಸಿಟ್ಟು ಅಂದಳಂತೆ:
"ಚಲೋ ಬಂದೈತ್ರಿ. ಇಕಿನ್ನ ನೋಡಿ ಒಪ್ಪಿದ್ರ
ನಾ ಏನ್ ಮಾಡ್ಲಿ?"
ಆ ರಾತ್ರಿ ಅಪ್ಪ ರಬ್ಬರು ಹಿಡಿದು ಕೂತ.
ಎರಡು ಕುಳಿ ವಾಪಸು ಕೊಟ್ಟ.
ಎರಡೇ.

ಕೊನೆಗೆ ಗೋಡೆ.
ಮೇಲಿಂದ ಬಗ್ಗಿ ನೋಡಿದ್ದಕ್ಕೆ ಕಂಬಗಳು
ಕೆಳಗಿಳಿಯುತ್ತ ಒಂದಕ್ಕೊಂದು ಹತ್ತಿರ ಸರಿದಿದ್ದವು.
ಎಳೆದೆ. ಗವಂಡಿಯ ತೂಗುಗುಂಡಿನ ದಾರದ ಹಾಗೆ
ನೆಟ್ಟಗೆ ನಿಂತವು.
ನೆಲ ಅಗಲಾಯಿತು, ಅಗಲಾದದ್ದು ಚೌಕಟ್ಟಿನಾಚೆ ಚೆಲ್ಲಿತು,
ಮೂಲೆಯ ಕೋನ್ಸುಬಾಯಿ ಸಮೇತ.
ಉಳಿದದ್ದು ಒಂದು ಮೊಣಕೈ.

ಹಿಂದಕ್ಕೆ ಎಳೆದೆ. ಬಂದಳು. ಕಂಬ ಬಾಗಿದವು.
ಮುಂದಕ್ಕೆ. ಹೋದಳು.
ಚಹಾ ಆರಿ ಕೆನೆ ಕಟ್ಟಿತು.
ಆಕೆಯ ಓಲೆ, ಆಕೆಯ ಹೊಗೆಯ ಬೆರಳು
ಪೂರ್ತಿ ಒಳಗೆ ಬರುವಲ್ಲಿ ಕೈ ಬಿಟ್ಟೆ.

ಫಾದರ್ ಎಲ್ಯಾಸ ಚಿತ್ರವನ್ನು ದೂರ ಹಿಡಿದು
ತಮ್ಮ ತಲೆಯನ್ನೇ ಒಂದಿಷ್ಟು ವಾರೆ ಮಾಡಿದರು.
"ಕಂಬ ಸ್ವಲ್ಪ..."
"ಹೌದ್ರಿ, ಫಾದರ್."
ಬೆರಳು ಮೂಲೆಗೆ ಹೋಯಿತು, ಅಲ್ಲೇ ನಿಂತಿತು.
"ಚೀಟಿಯಾಗ ಇಕಿ ಹೆಸ್ರು ಬರದಿಲ್ಲಲ್ಲ ನಾ?"
"ಇಲ್ರಿ."
ಮತ್ತೇನೂ ಅನ್ನದೆ ಮಾರ್ಚಿನ ಮೇಲೆ ಇಟ್ಟರು.

ಹೊರಡುವಾಗ ಎಡಗೋಡೆಯ ಪಕ್ಕದಿಂದ ಬಂದೆ.
ಕಲೆ ಇದ್ದಲ್ಲೇ ಇತ್ತು. ಅಂಗೈ ಇಟ್ಟೆ.
ಬೇರೆ ಕಡೆ ಮುಟ್ಟಿದರೆ ಕೈ ಬೆಳ್ಳಗಾಗುತ್ತದೆ;
ಇಲ್ಲಿ ಸುಣ್ಣ ಹತ್ತಲಿಲ್ಲ.