ಶನಿವಾರದೊಳಗೆ

ಬುಧವಾರ ಸಂಜೆ ಮಾಮೆ ಸೆರ್ವಾ ಹೇಳಿಕಳಿಸಿದಳು:
ಡಬ್ಬ ಕೆಮ್ಮುತ್ತಿದೆ, ಬೇಗ ಬಾ.
ಕುಮಾಸಿಯಲ್ಲಿ ಸಾವು ಯಾವ ದಿನವಾದರೂ ಬರಲಿ
ಮಣ್ಣಿಗಿಡುವುದು ಶನಿವಾರ.
ಅಷ್ಟರೊಳಗೆ ಹನ್ನೊಂದು ಬ್ಯಾನರು ಗೋಡೆ ಏರಬೇಕು,
ಹೋದವರ ಮುಖ ಆಳೆತ್ತರ.
ಎಪ್ಪತ್ತು ದಾಟಿದವರಿಗೆ 'ತುಂಬುಬಾಳಿಗೆ ವಂದನೆ',
ದಾಟದವರಿಗೆ ಕೆಂಪಕ್ಷರದಲ್ಲಿ 'ಎಂಥ ಆಘಾತ!'

ಮುಚ್ಚಳ ಬಿಚ್ಚಿದೆ.
ಹರ್ಮಟಾನ್ ಗಾಳಿ ಹದಿನೈದು ವರ್ಷ ಹೊತ್ತು ತಂದ ಮರಳುಗಾಡು
ಒಳಗೆ ಸಂಸಾರ ಹೂಡಿತ್ತು. ಫ್ಯಾನಿನ ರೆಕ್ಕೆಗೆ ತುಪ್ಪಟ.
ಹಳೇ ಡಿಸ್ಕು ಟಕ್, ಟಕ್, ಆಮೇಲೊಂದು ನಿಟ್ಟುಸಿರು,
ಮತ್ತೆ ಟಕ್,
ನಾಲಗೆ ತುದಿಯಲ್ಲೇ ಇರುವ ಹೆಸರಿಗೆ ತಡಕಾಡುವವರ ಹಾಗೆ.

ನಕಲಿಗೆ ಹಚ್ಚಿದೆ. ನಡುರಾತ್ರಿ
ಎಪ್ಪತ್ತೊಂದು ಪರ್ಸೆಂಟಿಗೆ ಬಂದು ನಿಂತಿತು.
ಅಂಗಡಿ ಹುಡುಗ ಟಾವಿಯಾ, ಕೆಂಕೆ ತಿನ್ನುತ್ತ,
'ಅಲ್ಲಿ ಯಾರಿದ್ದಾರೆ?' ಅಂದ.
ಕೋಳಿ ಕೂಗುವ ಹೊತ್ತಿಗೆ ಎಪ್ಪತ್ತೆರಡು.
ಮೂರು ಫೈಲು ಓದಲಾಗಲಿಲ್ಲ.
ಮಿಕ್ಕವರೆಲ್ಲ ದಾಟಿದರು.

ಹೊಸದು ಅಂಗೈಯಗಲ, ಬಿಸ್ಕತ್ತಿನ ತೂಕ,
ಅದರ ಅಳತೆಗೆ ಒಳಗೆ ಗೂಡಿಲ್ಲ.
ಕತ್ತರಿಸಿ ಉಳಿದ ಫ್ಲೆಕ್ಸ್ ಪಟ್ಟಿಯಲ್ಲಿ ಬಿಗಿದು ಕಟ್ಟಿದೆ:
ಯಾರದೋ ಎಡಗಿವಿ, ಒಂದು ಓಲೆ, ಅರ್ಧ ನಗು.

ಗುಂಡಿ ಒತ್ತಿದರೆ ಡಿಸ್ಕೇ ಇಲ್ಲ ಎಂದಿತು ಬಯೋಸು.
ಕಣ್ಣೆದುರೇ ಇದೆಯಲ್ಲೋ ಎಂದೆ.
ಕೆಂಪು ಕೇಬಲಿನ ಕೊಕ್ಕೆ ಎಂದೋ ಮುರಿದಿತ್ತು,
ಹಿಡಿದರೆ ಇದೆ, ಬಿಟ್ಟರೆ ಇಲ್ಲ.
ಡಿವಿಡಿಯದನ್ನು ಕಿತ್ತು ಇದಕ್ಕೆ ಕೊಟ್ಟೆ. ಕಂಡಿತು,
ಕಂಡದ್ದೇ ನೀಲಿ ಪರದೆಯಾಗಿ ಬಿದ್ದಿತು.
ಬಲ್ಲೆನೆಂಬ ಜಂಬದಲ್ಲಿ ಎಎಚ್‌ಸಿಐ ಮಾಡಿದವನು ನಾನೇ;
ಹಳೇ ವಿಂಡೋಸಿಗೆ ಆ ಮಾತು ಯಾರೂ ಕಲಿಸಿರಲಿಲ್ಲ.
ಐಡಿಇಗೆ ಮರಳಿದೆ.
ವೇಗ ಒಂಚೂರು ಕಮ್ಮಿ, ಜಗಳವೂ.

ಇಪ್ಪತ್ತು ಎಣಿಸುವುದರೊಳಗೆ ಎದ್ದು ಕೂತಿತು.
ಮಾಮೆ ಸೆರ್ವಾ ಡಬ್ಬಕ್ಕೆ ಕಿವಿಯಿಟ್ಟಳು.
'ಉಸಿರಿಲ್ಲ.'
'ತಿರುಗುವುದೇನೂ ಇಲ್ಲಮ್ಮ ಇದರೊಳಗೆ.'
ಉಸಿರಿಲ್ಲದ್ದನ್ನು ಬದುಕಿದೆ ಎಂದು ನಂಬುವ ಕಸುಬಲ್ಲ ಅವಳದು.

ಮೊದಲ ಬ್ಯಾನರು ನಾನಾ ಕ್ಯೆರೆವಾ, ಎಂಬತ್ತನಾಲ್ಕು.
ಹುಟ್ಟಿದ ತಾರೀಖು ಕೊಟ್ಟರೆ ವಯಸ್ಸು ಅದೇ ಎಣಿಸಿಕೊಳ್ಳುವ ಫಾರಮ್ಮು.
ಅರವತ್ತೊಂಬತ್ತು ಎಂದಿತು, ಕೆಂಪಕ್ಷರ ತಾನಾಗಿ ಬಂತು:
'ಎಂಥ ಆಘಾತ!'
ಅಜ್ಜಿ ಇದ್ದಿದ್ದರೆ ನಕ್ಕಿರುತ್ತಿದ್ದಳು, ಅಂದಳು ಮಾಮೆ.
ಎರಡನೆಯದು ಬಂಟಮಾದ ಹುಡುಗ, ಹನ್ನೆರಡು.
ಪರದೆ ತೋರಿಸಿತು: ಮೈನಸ್ ಮೂರು.

ಯಾರೂ ಮಾತಾಡಲಿಲ್ಲ.

ನಾಣ್ಯದಂಥ ಬ್ಯಾಟರಿ ಒಳಗೆ ಎಂದೋ ಸತ್ತಿತ್ತು.
ನಾನು ಪ್ಲಗ್ಗು ಕಿತ್ತದ್ದೇ ತಡ, ಗಡಿಯಾರ
ಎರಡುಸಾವಿರದ ಒಂಬತ್ತರ ಜನವರಿ ಒಂದಕ್ಕೆ ಓಡಿಹೋಗಿ
ಇನ್ನೂ ಹುಟ್ಟದವನ ಮುಂದೆ ಕೂತಿತ್ತು.
ಪಕ್ಕದ ಚಿನ್ನದಂಗಡಿಯ ತಕ್ಕಡಿಯಿಂದ ಒಂದು ಬ್ಯಾಟರಿ ಕಡ ತಂದೆ.
ತಾರೀಖು ತಿದ್ದುವಾಗ
'ಒಂದು ಗಳಿಗೆ ತಾಳು' ಅಂದ ಟಾವಿಯಾ. ಯಾಕೆಂದು ಹೇಳಲಿಲ್ಲ.
ತಾಳಿದೆ.
ಆಮೇಲೆ ಎಂಟರ್ ಒತ್ತಿದೆ.

ಹಳೇ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು,
ಆ ಮೂವರು ಅಲ್ಲೇ ಉಳಿದಿದ್ದಾರಲ್ಲ ಎಂದು.
ಪ್ರಿಂಟರು ಮಾತ್ರ ಹಳೆಯದೇ,
ಬೀದಿಗೆಲ್ಲ ಕೇಳುವಂತೆ ಗೊಣಗುತ್ತ
ಹುಡುಗನ ಹಣೆಯಿಂದ ಶುರುಮಾಡಿತು.