ಎಲ್ ಬೋರ್ಡು

ಸೊಹಾರಿನ ಬಂಕಿನಲ್ಲಿ ಬೆಳಗಿನ ಐದಕ್ಕೆ
ಮೂರು ಗಾಡಿ: ಸಲ್ಡಾನ್ಹಾನ ಹಳೇ ಬುಲೆಟ್ಟು,
ಬಂದರಿನ ಪೈಲಟ್ ಡಂಕನ್ನನ ಕೆಂಪು ಟ್ರಯಂಫ್,
ಕಂತು ತೀರದ ನನ್ನ ಹೊಂಡಾ.
ಮೂರು ಜನ, ಮೂರು ಕರಕ್ ಚಾ.
ಅದೇ ಸ್ಥಾಪನೆ. ನಿರ್ಣಯ ಬರೆದದ್ದು ಟಿಶ್ಯೂ ಮೇಲೆ,
ಅದರ ಮೇಲೆ ಚಾ ಚೆಲ್ಲಿತು.

ಊರಲ್ಲಿದ್ದಾಗ ಲಾಡ್ಜಿಗೆ ಹೋಗುತ್ತಿದ್ದೆ ಎಂದರೆ
ಪ್ರಫುಲ್ಲಳ ತಮ್ಮ ಈಗಲೂ ನಗುತ್ತಾನೆ:
‘ಬಸ್‌ಸ್ಟ್ಯಾಂಡ್ ಎದುರಿನದಾ ಭಾವ? ಎಸಿಯಾ, ನಾನ್ ಎಸಿಯಾ?’
ಏನು ಹೇಳಲಿ. ಕಪ್ಪು ಬಿಳಿ ಚೌಕದ ನೆಲ,
ಬಾಗಿಲಿಗೆ ಮೂರು ತಟ್ಟು, ಸೊಂಟಕ್ಕೆ ಕುರಿತೊಗಲ ಏಪ್ರನ್ನು.
ಅದೀಗ ಮಂಗಳೂರಿನ ಕಪಾಟಿನಲ್ಲಿ
ನುಸಿಗುಳಿಗೆಯ ಜೊತೆ ಮಲಗಿದೆ.
ಇಲ್ಲಿ ಬಾಗಿಲೇ ಇಲ್ಲದ ಸಭೆ, ಒಂದು ರಸ್ತೆ,
ಬಲಕ್ಕೆ ಸಮುದ್ರ, ಎಡಕ್ಕೆ ದೂರದಲ್ಲಿ ಹಜರ್ ಬೆಟ್ಟ.
ಮೊದಲ ನಿಯಮ: ಆ ಮಾತು ಆಡಬಾರದು.
ಎರಡನೆಯದು: ಹೆಲ್ಮೆಟ್ಟು.

ಐದಾದೆವು, ಒಂಬತ್ತಾದೆವು.
ಬರ್ಕಾದಿಂದ ಹಲ್ಲಿನ ವೈದ್ಯ ಹಾಶಿಂ ಬಂದ,
ಬುರೈಮಿಯಿಂದ ಸರ್ವೆಯವರಿಬ್ಬರು, ಅಣ್ಣತಮ್ಮಂದಿರು,
ಕೈ ಕುಲುಕುವಾಗ ಹೆಬ್ಬೆರಳು ಒಂದು ಗಳಿಗೆ ಹೆಚ್ಚು ನಿಂತರೆ
ಗೊತ್ತಾಗುತ್ತಿತ್ತು. ನಿಲ್ಲದಿದ್ದರೂ ಬನ್ನಿ ಎಂದೆವು.
ಖಲ್ಫಾನನ ಗ್ಯಾರೇಜಿಲ್ಲದೆ ನಮ್ಮ ಯಾವ ಗಾಡಿಯೂ ಓಡದು,
ಅವನಿಗೆ ನಮ್ಮ ಗುಟ್ಟು ಬೇಕಿರಲಿಲ್ಲ,
ಚೈನಿಗೆ ಎಣ್ಣೆ ಬಿಟ್ಟಿರಾ, ಅಷ್ಟೇ.

ಲಾಂಛನದ ಜಗಳ ಎಂಟು ತಿಂಗಳು.
ಕೈವಾರ ಬೇಡ, ಯಾರಾದರೂ ಗುರುತು ಹಿಡಿದಾರು,
ಮೂಲೆಮಟ್ಟ ಒಂದೇ ಸಾಕು, ಜಾಕೆಟ್ಟಿನ ಬೆನ್ನಿಗೆ.
ಹೊಲಿಸಿ ತೊಟ್ಟ ಮೊದಲ ದಿನವೇ
ಶಿನಾಸಿನ ವೃತ್ತದಲ್ಲಿ ಪೊಲೀಸ ತಡೆದು ಕೇಳಿದ:
‘ಗಡ್ಡ ಬೆಳ್ಳಗಾಗಿದೆ, ಇನ್ನೂ ಎಲ್ ಬೋರ್ಡಾ?’
ಹೌದು ಸ್ವಾಮಿ, ಎಂದ ಡಂಕನ್, ಕಲಿಯುತ್ತಿದ್ದೇವೆ.
ಕ್ಲಬ್ಬಿಗೆ ಹೆಸರು ಸಿಕ್ಕಿತು.

ಆಮೇಲೆ ವಾದಿ ಹೀಬಿಯ ತಿರುವು.
ಬುಲೆಟ್ಟು ಕೆಮ್ಮಿ ನಿಂತಿತು.
ಎದುರಿಗೆ ಅರ್ಧ ಎದ್ದ ವಿಲ್ಲಾ, ಅಟ್ಟಣಿಗೆಯ ಮೇಲೊಬ್ಬ
ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ,
ಶುಕ್ರವಾರವೂ.
ಕನ್ನಡ ಕೇಳಿ ಇಳಿದು ಬಂದ. ಯಮನೂರಪ್ಪ, ಯಲಬುರ್ಗಿ ಕಡೆಯವ.
ಸಲ್ಡಾನ್ಹಾ ಆ ಗುಂಡನ್ನೇ ನೋಡುತ್ತ
ಮೊದಲ ನಿಯಮ ಮರೆತ:
‘ನಾವೂ ಗಾರೆಯವರೇ ಮಾರಾಯ. ಫ್ರೀ ಗಾರೆಯವರು.’
‘ಫ್ರೀ ಅಂದ್ರ? ಪಗಾರ ಇಲ್ಲೇನ್ರಿ?
ಹಂಗಾರ ನಾನೂ ನಿಮ್ಮವನ. ಮೂರು ತಿಂಗಳಾತು.’

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.
ನೆಟ್ಟಗೆ ಬಾಳಿರಿ ಎನ್ನಲು ಮೂವತ್ತು ವರ್ಷ
ಇದೇ ಗುಂಡಿನ ಉಪಮೆ ಕೊಟ್ಟವ ಸಲ್ಡಾನ್ಹಾ,
ದಾರ ಕೈಗೆ ಬಂದಾಗ ಬೆರಳು ನಡುಗಿತು.
‘ತಡೀರಿ,’ ಎಂದ ಯಮನೂರಪ್ಪ, ‘ಅದು ತಾನ ನಿಲ್ತದ.’

ಅರ್ಜಿಯನ್ನು ಅರಬ್ಬಿಯಲ್ಲಿ ಹಾಶಿಂ ಬರೆದ.
ಖಲ್ಫಾನನಿಗೆ ಗುತ್ತಿಗೆದಾರನ ಚಿಕ್ಕಪ್ಪ ಗೊತ್ತು.
ರಜೆ ಹಾಕಿ ಎರಡು ಭಾನುವಾರ ಕಾರ್ಮಿಕ ಕಚೇರಿಯ ಮುಂದೆ
ಹನ್ನೊಂದು ಗಾಡಿ ಸಾಲಾಗಿ ನಿಂತವು, ಬಿಸಿಲಿಗೆ ಸೀಟು ಸುಟ್ಟು.
ಎರಡು ತಿಂಗಳ ಪಗಾರ ಬಂತು.
ಮೂರನೆಯದು ಬರಲಿಲ್ಲ.

ಈಗ ಇಪ್ಪತ್ತಮೂರು ಜನ. ಹೊಸಬರು ಕೇಳುತ್ತಾರೆ,
ಬುಲೆಟ್ಟಿನ ಹ್ಯಾಂಡಲಿಗೆ ಜೋತಿರುವುದೇನು, ತಾಯತವಾ?
ತಿರುವಿನಲ್ಲಿ ಗಾಡಿ ವಾಲಿದಷ್ಟೇ ಅದೂ ವಾಲುತ್ತದೆ,
ನಮ್ಮ ಮರ್ಜಿ ಹಿಡಿದ ಹಾಗೆ.
ನಿಲ್ಲಿಸಿ ಎಂಜಿನ್ ಆರಿಸಿದರೆ
ಸ್ವಲ್ಪ ಹೊತ್ತು ತೂಗಿ, ಆಮೇಲೆ ನಿಜ ಹೇಳುತ್ತದೆ.
ಕಾಣಿಕೆಯಲ್ಲ ಅದು. ವಿಮಾನ ಹತ್ತುವ ಮುಂಚೆ
ಯಮನೂರಪ್ಪ ಬಿಡಿಸಿ ಹೇಳಿಯೇ ಹೋದ:
‘ಕೊಟ್ಟಿದ್ದಲ್ರಿ, ಇಟ್ಟಿದ್ದು.
ಆ ಒಂದು ತಿಂಗಳದ್ದು ಬಂದ ದಿನ
ತಿರುಗಿ ಕಳಸ್ರಿ.’